ಚರ್ಚಿನೊಳಗೆ ಹದಿನಾಲ್ಕು ಕೊಳಲು: ಮಧ್ಯಾಹ್ನದ ಕಛೇರಿಗೆ ತಯಾರಿ ಹೇಗೆ?

ಪ್ರಶ್ನೆ: ನಾನು ಹಾಸನದಲ್ಲಿ ಮಕ್ಕಳಿಗೆ ಕೊಳಲು ಪಾಠ ಹೇಳುತ್ತೇನೆ. ಹನ್ನೊಂದರಿಂದ ಹದಿನೇಳು ವರ್ಷದ ಹದಿನಾಲ್ಕು ಮಕ್ಕಳನ್ನು ಸೇರಿಸಿ ಒಂದು ವೃಂದ ಮಾಡಿದ್ದೇನೆ. ಚಿಕ್ಕವರು ಹತ್ತು ಮಂದಿಯ ಹತ್ತಿರ ಐದು ಮನೆ ಶ್ರುತಿಯ ಕೊಳಲು (ಹಾರ್ಮೋನಿಯಂನ ಐದನೇ ಬಿಳಿ ಮನೆ, G, ಅದರ ಷಡ್ಜ), ದೊಡ್ಡವರು ಮೂವರ ಹತ್ತಿರ ಒಂದು ಮನೆಯ (C) ಉದ್ದ ಕೊಳಲು, ಒಬ್ಬ ಹುಡುಗಿಯದು ವೆಸ್ಟರ್ನ್ ಫ್ಲೂಟ್. ಊರಿನ ಹಳೆಯ ಕಥೋಲಿಕ ಚರ್ಚಿನವರು ಡಿಸೆಂಬರಿನಲ್ಲಿ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಮುಕ್ಕಾಲು ಗಂಟೆ ನುಡಿಸಿ ಎಂದು ಕರೆದಿದ್ದಾರೆ. ಕಳೆದ ವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿಗೆ ಹೋಗಿ ನುಡಿಸಿ ನೋಡಿದೆವು. ಎಲ್ಲ ಕಲಸುಮೇಲೋಗರ. ಶುರುವಿನಲ್ಲಿ ಎಲ್ಲರೂ ಶ್ರುತಿಪೆಟ್ಟಿಗೆಗಿಂತ ಇಳಿದಿದ್ದರು, ಹತ್ತು ನಿಮಿಷದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ. ಆರಂಭದ ಪಾಠವಾದ ಜಂಟಿ ವರಸೆ ಕೂಡ ಏನು ನುಡಿಸುತ್ತಿದ್ದಾರೆ ಎಂದು ತಿಳಿಯಲಿಲ್ಲ. ಮೈಕ್ ಹಾಕಿಸಿದರೆ ಸರಿಹೋದೀತೇ? ಏನು ನುಡಿಸಲಿ? ನಮ್ಮ ಕೀರ್ತನೆಗಳನ್ನು ಚರ್ಚಿನಲ್ಲಿ ನುಡಿಸಬಹುದೇ ಎಂದು ಕೆಲವು ಪೋಷಕರೂ ಕೇಳುತ್ತಿದ್ದಾರೆ.

ಉತ್ತರ: ಟೀಚರ್, ಮಕ್ಕಳನ್ನು ಬಯ್ಯಬೇಡಿ. ಅವರ ತಪ್ಪು ಇದರಲ್ಲಿ ಕಾಲುಭಾಗವೂ ಇಲ್ಲ. ನೀವು ಹೋದ ಹೊತ್ತು ತಪ್ಪು, ಹೋದಾಗ ಚರ್ಚು ಖಾಲಿ ಇತ್ತು, ನುಡಿಸಿದ ಪಾಠ ಆ ಕಟ್ಟಡಕ್ಕೆ ಒಗ್ಗುವಂಥದ್ದಲ್ಲ. ಈ ಮೂರನ್ನೂ ಸರಿಮಾಡಬಹುದು, ಹೊಸ ಕೊಳಲು ಕೊಳ್ಳದೆ.

ಮೊದಲು ಶ್ರುತಿ. ಕೊಳಲಿನ ಸ್ವರವನ್ನು ತೀರ್ಮಾನಿಸುವುದು ಬಿದಿರಲ್ಲ, ಒಳಗಿರುವ ಗಾಳಿಯ ಕಂಬ. ಆ ಗಾಳಿ ಬಿಸಿಯಾದಷ್ಟೂ ಅದರಲ್ಲಿ ನಾದ ವೇಗವಾಗಿ ಓಡುತ್ತದೆ, ಶ್ರುತಿ ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349. ವ್ಯತ್ಯಾಸ ಸಣ್ಣದು ಎನಿಸಬಹುದು. ಸ್ವರದ ಲೆಕ್ಕಕ್ಕೆ ಇಳಿಸಿದರೆ ಡಿಗ್ರಿಗೆ ಸುಮಾರು 3 ಸೆಂಟ್ (ಸ್ವರಗಳ ಅಂತರ ಅಳೆಯುವ ಸಣ್ಣ ಮಾನ). ಷಡ್ಜದಿಂದ ಶುದ್ಧ ರಿಷಭಕ್ಕೆ, ಅಂದರೆ ಅರ್ಧ ಸ್ವರಕ್ಕೆ, ಸ್ಥೂಲವಾಗಿ 100 ಸೆಂಟ್. ಬೆಳಿಗ್ಗೆ 16 ಡಿಗ್ರಿ, ಮಧ್ಯಾಹ್ನ 27 ಡಿಗ್ರಿ ಎಂದು ಇಟ್ಟುಕೊಳ್ಳಿ: ಸುಮ್ಮನೆ ಬಿದ್ದಿರುವ ಕೊಳಲಿನ ಶ್ರುತಿ ಅರ್ಧ ಸ್ವರದ ಮೂರನೆಯ ಒಂದು ಪಾಲಿನಷ್ಟು ಸರಿದುಬಿಡುತ್ತದೆ. ಊದುವಾಗ ನಮ್ಮ ಉಸಿರಿನ ಬಿಸಿ ಒಳಗೆ ಸೇರುವುದರಿಂದ ಪೂರ್ತಿ ಅಷ್ಟಾಗುವುದಿಲ್ಲ. ಆದರೂ ಕಿವಿಗೆ ಚುಚ್ಚುವಷ್ಟು ಆಗುತ್ತದೆ.

ಈಗ ನಿಮ್ಮ ಬೆಳಗಿನ ಕಥೆ ನೋಡಿ. ಎಂಟು ಗಂಟೆಗೆ, ಡಿಸೆಂಬರಿಗೆ ಹತ್ತಿರದ ದಿನಗಳಲ್ಲಿ, ದಪ್ಪ ಗೋಡೆಯ ಚರ್ಚಿನೊಳಗೆ ಎಲ್ಲ ಕೊಳಲೂ ತಣ್ಣಗೆ. ಶ್ರುತಿಪೆಟ್ಟಿಗೆ ಎಲೆಕ್ಟ್ರಾನಿಕ್ ಆದದ್ದರಿಂದ ಅದಕ್ಕೆ ಚಳಿಯೂ ಇಲ್ಲ, ಬಿಸಿಲೂ ಇಲ್ಲ. ಅದು ಇದ್ದಲ್ಲೇ ಇತ್ತು, ಮಕ್ಕಳು ಇಳಿದಿದ್ದರು. ಆಮೇಲೆ ಒಬ್ಬೊಬ್ಬರ ಕೊಳಲು ಒಂದೊಂದು ವೇಗದಲ್ಲಿ ಬಿಸಿಯಾಯಿತು. ಸಣ್ಣ ಕೊಳಲು ಬೇಗ, ಉದ್ದ ಕೊಳಲು ನಿಧಾನ, ಲೋಹದ ಫ್ಲೂಟ್ ಕೈಬಿಟ್ಟ ಕೂಡಲೇ ಮತ್ತೆ ತಣ್ಣಗೆ. ಹತ್ತು ನಿಮಿಷದಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಹೋದದ್ದು ಹೀಗೆ. ಹಾಸನ ಸಮುದ್ರಮಟ್ಟದಿಂದ ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಶ್ರುತಿ ನಿಲ್ಲುವುದಿಲ್ಲ ಎಂದು ನಮ್ಮ ಕಡೆ ಕೆಲವರು ಹೇಳುವುದುಂಟು. ಹಾಗಿಲ್ಲ. ಗಾಳಿಯ ಒತ್ತಡ ಕಡಿಮೆಯಾದ ಮಾತ್ರಕ್ಕೆ ನಾದದ ವೇಗ ಬದಲಾಗುವುದಿಲ್ಲ. ಆಟ ಆಡಿಸುವುದು ಉಷ್ಣತೆ ಮಾತ್ರ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು ಮೂವತ್ತು ವರ್ಷದ ಹಿಂದೆ, ಚಿಕ್ಕಮಗಳೂರಿಗೆ ಬಂದ ಹೊಸದರಲ್ಲಿ, ಮಲೆನಾಡಿನ ಒಂದು ಚರ್ಚಿನಲ್ಲಿ ಎಂಟು ಹುಡುಗರನ್ನು ಕಟ್ಟಿಕೊಂಡು ನುಡಿಸುವುದಿತ್ತು. ಹಿಂದಿನ ದಿನ ಬೆಳಗಿನ ಚಳಿಯಲ್ಲಿ ಅಭ್ಯಾಸ. ಮೂವರ ಕೊಳಲು ಇಳಿದಿದೆ ಎಂದು ನಾನೇ ಮರಳುಕಾಗದ ಸುತ್ತಿದ ಕಡ್ಡಿ ಹಿಡಿದು ತೂತುಗಳನ್ನು ಉಜ್ಜಿ ಅಗಲ ಮಾಡಿದೆ. ಆಗ ಸರಿಹೋಯಿತು. ಮಾರನೇ ದಿನ ಮಧ್ಯಾಹ್ನ ಬಿಸಿಲು ಏರಿ, ಜನ ತುಂಬಿ, ಆ ಮೂವರೂ ಉಳಿದವರಿಗಿಂತ ಮೇಲೆ ಕೂತುಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕಛೇರಿ ಮುಗಿದ ಮೇಲೆ ಬಂದು, 'ಹುಡುಗರು ಎರಡು ಗುಂಪಾಗಿ ಜಗಳ ಆಡ್ತಿದ್ರಾ?' ಎಂದು ಕೇಳಿದರು. ಆ ಮೂರು ಕೊಳಲಿನ ತೂತುಗಳಿಗೆ ಒಳಗಂಚಿನಲ್ಲಿ ಮೇಣ ಅಂಟಿಸಿ ವರ್ಷಗಟ್ಟಲೆ ಸಂಭಾಳಿಸಿದೆವು. ಅಂದಿನಿಂದ ನನ್ನದೊಂದು ನಿಯಮ: ತಣ್ಣನೆಯ ಕೊಳಲಿಗೆ ಚಾಕು ತೋರಿಸಬಾರದು.

ಆದ್ದರಿಂದ ಮುಂದಿನ ಅಭ್ಯಾಸ ಕಛೇರಿಯ ಹೊತ್ತಿಗೇ ಇರಲಿ, ಅದೇ ಜಾಗದಲ್ಲಿ. ಫಾದರ್ ಹತ್ತಿರ ಮಧ್ಯಾಹ್ನದ ಒಂದು ಗಂಟೆ ಕೇಳಿಕೊಳ್ಳಿ. ಕಛೇರಿಯ ದಿನ ಮಕ್ಕಳು ಕೊಳಲನ್ನು ಚೀಲದಿಂದ ತೆಗೆದು ಕಾಲು ಗಂಟೆಯಾದರೂ ಕಂಕುಳಲ್ಲಿ, ಸ್ವೆಟರ್ ಒಳಗೆ ಇಟ್ಟುಕೊಂಡಿರಲಿ. ನುಡಿಸದೆ ಕಾಯುವವರು ಆಗಾಗ ಮುಖರಂಧ್ರವನ್ನು (ಊದುವ ತೂತನ್ನು) ತುಟಿಯಿಂದ ಮುಚ್ಚಿ ಒಳಕ್ಕೆ ಶಬ್ದವಿಲ್ಲದೆ ಬೆಚ್ಚನೆಯ ಉಸಿರು ಬಿಡುತ್ತಿರಲಿ. ಬಿಸಿಲು ಬೀಳುವ ಕಿಟಕಿಕಟ್ಟೆಯ ಮೇಲೆ ಮಾತ್ರ ಇಡಬೇಡಿ. ಬಿದಿರು ಸೀಳಿದರೆ ಅಲ್ಲಿ ದಾರ ಸುತ್ತುತ್ತಾ ಕೂರಲು ಪುರುಸೊತ್ತಿರುವುದಿಲ್ಲ.

ಶ್ರುತಿ ಸೇರಿಸುವ ಕ್ರಮವನ್ನೂ ತಿರುಗಿಸಿ. ಫ್ಲೂಟ್ ಹುಡುಗಿಯನ್ನು ಮೊದಲು ನಿಲ್ಲಿಸಿ ಉಳಿದವರನ್ನು ಅವಳಿಗೆ ಹೊಂದಿಸಲು ಹೋಗಬೇಡಿ. ಅವಳ ಫ್ಲೂಟಿಗೆ ತಲೆಯ ತುಂಡನ್ನು ಎಳೆದು ಉದ್ದ ಮಾಡಿಕೊಳ್ಳುವ, ಒತ್ತಿ ಗಿಡ್ಡ ಮಾಡಿಕೊಳ್ಳುವ ಅನುಕೂಲ ಇದೆ. ಒಂದೇ ತುಂಡಿನ ಬಿದಿರಿಗೆ ಅದಿಲ್ಲ. ಬಾಗಲು ಬರುವವರೇ ಬಾಗಬೇಕು. ಹತ್ತು ಚಿಕ್ಕ ಕೊಳಲುಗಳಲ್ಲಿ ಮಧ್ಯದಲ್ಲಿ ನಿಲ್ಲುವ ಒಂದನ್ನು ಆರಿಸಿ, ಅತಿ ಏರಿದ್ದೂ ಬೇಡ, ಅತಿ ಇಳಿದದ್ದೂ ಬೇಡ. ಶ್ರುತಿಪೆಟ್ಟಿಗೆಯನ್ನು ಅದಕ್ಕೆ ಹೊಂದಿಸಿ. ಪೆಟ್ಟಿಗೆಯ ತಿರುಪು ಇರುವುದೇ ಅದಕ್ಕೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಸ್ವತಃ ಕೊಳಲುವಾದಕರು; ಕೊಳಲಿನವರ ಕಷ್ಟ ಅವರಿಗೆ ಗೊತ್ತಿದ್ದದ್ದೇ. ಉಳಿದ ಒಂಬತ್ತು ಮಕ್ಕಳು ತುಟಿಯಿಂದ ಸರಿಮಾಡಿಕೊಳ್ಳಲಿ: ಕೊಳಲನ್ನು ಒಳಕ್ಕೆ ಹೊರಳಿಸಿ ಮುಖರಂಧ್ರ ಹೆಚ್ಚು ಮುಚ್ಚಿದರೆ ಇಳಿಯುತ್ತದೆ, ಹೊರಕ್ಕೆ ಹೊರಳಿಸಿದರೆ ಏರುತ್ತದೆ.

ಸೇರಿತೋ ಇಲ್ಲವೋ ಎಂದು ಮಕ್ಕಳಿಗೆ ತಿಳಿಯುವುದು ಹೇಗೆ? ಫೋನಿನ ಟ್ಯೂನರ್ ಸೂಜಿ ತೋರಿಸಬೇಡಿ. ಕಣ್ಣು ಕೊಟ್ಟರೆ ಕಿವಿ ಮಲಗುತ್ತದೆ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಒಂದೇ ಷಡ್ಜ ಊದಿಸಿ. ಒಬ್ಬರದು ಸೆಕೆಂಡಿಗೆ 440 ಕಂಪನ, ಇನ್ನೊಬ್ಬರದು 443 ಇದ್ದರೆ ನಾದ ಸೆಕೆಂಡಿಗೆ ಮೂರು ಸಲ 'ವೌ ವೌ ವೌ' ಎಂದು ಅಲೆಯುತ್ತದೆ. ಹತ್ತಿರ ಬಂದಷ್ಟೂ ಅಲೆ ನಿಧಾನ, ಸೇರಿದಾಗ ನಿಂತುಬಿಡುತ್ತದೆ. ಮಕ್ಕಳಿಗೆ ಇದೊಂದು ಆಟವಾಗುತ್ತದೆ. ಮೇಲಿನ ಸ್ಥಾಯಿಯಲ್ಲಿ ಇಬ್ಬರು ಬೇರೆಬೇರೆ ಸ್ವರ ಜೋರಾಗಿ ಹಿಡಿದಾಗ ಕಿವಿಯೊಳಗೆ ಮೂರನೆಯದೊಂದು ದುಂಬಿ ಗುಂಯ್ ಎಂದಂತೆ ಕೇಳುವುದೂ ಉಂಟು. ಕೆಲವು ಮಕ್ಕಳು ಹೆದರುತ್ತಾರೆ. ಅದು ಎರಡು ಸ್ವರಗಳ ಕಂಪನದ ಅಂತರ. ಇಟಲಿಯ ಪಿಟೀಲುವಾದಕ ತಾರ್ತೀನಿ 18ನೇ ಶತಮಾನದಲ್ಲೇ ಇದನ್ನು ಗುರುತಿಸಿ ಶ್ರುತಿಶುದ್ಧಿ ಪರೀಕ್ಷಿಸಲು ಬಳಸಿದ್ದರು. ಕೊಳಲು ಕೆಟ್ಟಿಲ್ಲ, ಕಿವಿಯೂ ಕೆಟ್ಟಿಲ್ಲ ಎಂದು ಹೇಳಿ ಮುಂದೆ ಹೋಗಿ.

ಇನ್ನು ಕಟ್ಟಡ. ನಿಮ್ಮ ಮಕ್ಕಳು ಶೆಟ್ಟಿಹಳ್ಳಿಯ ಹಾಳುಚರ್ಚಿಗೆ ಪಿಕ್‌ನಿಕ್ ಹೋಗಿ ಬಂದಿರಬೇಕು, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವುದು. ಅಲ್ಲಿ ಯಾರಾದರೂ ಕೊಳಲು ನುಡಿಸಿದ್ದರೆ ಕೇಳಿ ನೋಡಿ: ಕಮಾನುಗಳಿವೆ, ಗೋಡೆಗಳಿವೆ, ಆದರೆ ಛಾವಣಿ ಇಲ್ಲ. ನಾದ ಆಕಾಶಕ್ಕೆ ಹೋಗಿಬಿಡುತ್ತದೆ. ಊರೊಳಗಿನ ಚರ್ಚಿನಲ್ಲಿ ಅದೇ ನಾದಕ್ಕೆ ಹೋಗಲು ದಾರಿ ಇಲ್ಲ. ಗಾರೆಯ ಗೋಡೆ, ಕಲ್ಲಿನ ನೆಲ, ಎತ್ತರದ ಮಾಡು. ಒಂದಕ್ಕೆ ಬಡಿದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಇದನ್ನು ಅನುರಣನ ಎನ್ನುತ್ತಾರೆ. ಇದು ಇಷ್ಟು ಹೊತ್ತು ಇರುತ್ತದೆ ಎಂದು ಲೆಕ್ಕ ಹಾಕುವುದನ್ನು ಕಲಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ವಾಲೆಸ್ ಸೇಬಿನ್. 1895ರಲ್ಲಿ ಒಂದು ಉಪನ್ಯಾಸ ಸಭಾಂಗಣದಲ್ಲಿ ಮಾತೇ ಅರ್ಥವಾಗುತ್ತಿಲ್ಲ ಎಂಬ ದೂರು ಬಂದಾಗ, ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ನಾದ ಸಾಯುವವರೆಗೆ ಗಡಿಯಾರ ಹಿಡಿದು ಅಳೆದರು. ಕೊನೆಗೆ ಸಿಕ್ಕ ಸೂತ್ರ ಸರಳ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯೊಳಗಿನ ಒಟ್ಟು ಹೀರುವಿಕೆಯಿಂದ ಭಾಗಿಸಬೇಕು. ಹೀರುವಿಕೆಗೆ ಅವರು ಹಿಡಿದ ಮಾನ ತೆರೆದ ಕಿಟಕಿ, ಯಾಕೆಂದರೆ ಅದರಿಂದ ಆಚೆ ಹೋದ ನಾದ ವಾಪಸು ಬರುವುದಿಲ್ಲ.

ನಿಮ್ಮ ಚರ್ಚು 25 ಮೀಟರ್ ಉದ್ದ, 10 ಅಗಲ, 8 ಎತ್ತರ ಇದೆ ಅನ್ನೋಣ: 2000 ಘನ ಮೀಟರ್. ಬೆಂಚು, ಬಾಗಿಲು, ಮಾಡು ಎಲ್ಲ ಸೇರಿ ಹೀರುವಿಕೆ 90 ಚದರ ಮೀಟರ್ ತೆರೆದ ಕಿಟಕಿಯಷ್ಟು ಎಂದು ಹಿಡಿದರೆ ಅನುರಣನ ಸುಮಾರು 3.6 ಸೆಕೆಂಡ್. ಈಗ 120 ಜನ ಬಂದು ಕೂತರು. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಅಂದಾಜು 0.4ರಷ್ಟು ಹೀರುತ್ತಾನೆ. ಹೀರುವಿಕೆ 138ಕ್ಕೆ ಏರಿತು, ಅನುರಣನ 2.3ಕ್ಕೆ ಇಳಿಯಿತು. ಅಂದರೆ ಖಾಲಿ ಚರ್ಚಿನಲ್ಲಿ ನೀವು ಕೇಳಿದ ಗದ್ದಲದ ಮೂರನೇ ಒಂದು ಭಾಗ ಅಂದು ಇರುವುದೇ ಇಲ್ಲ. ಡಿಸೆಂಬರಿನಲ್ಲಿ ಜನ ಸ್ವೆಟರು, ಶಾಲು ಹೊದ್ದು ಬಂದರೆ ಇನ್ನೂ ಒಳ್ಳೆಯದು. ನಿಮ್ಮ ಚರ್ಚಿನ ನಿಜವಾದ ಅಂಕಿ ಬೇರೆ ಇರುತ್ತದೆ. ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಪೂರ್ತಿ ಅಡಗುವವರೆಗೆ ಎಣಿಸಿ, ಸಾಕು. ಕಿಟಕಿ ತೆರೆದರೆ ಅನುರಣನ ಕಡಿಮೆಯಾಗುತ್ತದಲ್ಲ ಎನ್ನಬಹುದು, ಬಿ.ಎಂ. ರಸ್ತೆಯ ಕಡೆಗಿನ ಕಿಟಕಿಯಾದರೆ ಹೋಗುವ ನಾದಕ್ಕಿಂತ ಬರುವ ಲಾರಿ ಹಾರ್ನ್ ಹೆಚ್ಚು. ಮುಚ್ಚಿಯೇ ಇಡಿ.

ಎರಡೂವರೆ ಸೆಕೆಂಡಿನ ಅನುರಣನ ಇರುವ ಕಡೆ ಹಿಂದಿನ ಸ್ವರ ಮುಂದಿನ ಸ್ವರದ ಮೇಲೆ ಕೂತಿರುತ್ತದೆ. ಒಬ್ಬರೇ ನುಡಿಸಿದರೂ ಅಲ್ಲಿ ಎರಡು ಮೂರು ಸ್ವರ ಒಟ್ಟಿಗೆ ಕೇಳುತ್ತವೆ. ರಾಗದ ಆಯ್ಕೆ ಈ ಒಂದು ಸಂಗತಿಯ ಮೇಲೆ ನಿಂತಿದೆ, ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮಕ್ಕಳು ಅಲ್ಲಿ ಜಂಟಿ ವರಸೆ ನುಡಿಸಿದರು ಎಂದಿರಿ. ಅದು ಮಾಯಾಮಾಳವಗೌಳ. ಸ-ರಿ, ಗ-ಮ, ಪ-ದ, ನಿ-ಸ ಎಂದು ನಾಲ್ಕು ಕಡೆ ಪಕ್ಕಪಕ್ಕದ ಸ್ವರಗಳು ಒಂದಕ್ಕೊಂದು ಅಂಟಿಕೊಂಡಿವೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ರಾಗವಿಲ್ಲ, ಅನುರಣಿಸುವ ಕಟ್ಟಡಕ್ಕೆ ಅದಕ್ಕಿಂತ ಕೆಟ್ಟದ್ದು ಹುಡುಕಿದರೂ ಸಿಗದು. ಷಡ್ಜ ಇನ್ನೂ ತೂಗುತ್ತಿರುವಾಗಲೇ ಶುದ್ಧ ರಿಷಭ ಬಂದು ಅದರ ಮೈಗೆ ಉಜ್ಜುತ್ತದೆ.

ಈ ಅರ್ಧ ಸ್ವರದ ಉಜ್ಜಾಟ ಎಲ್ಲಿಯೂ ಇಲ್ಲದ ಐದು ಔಡವ (ಐದೇ ಸ್ವರದ) ರಾಗಗಳು ನಮ್ಮಲ್ಲಿವೆ: ಮೋಹನ, ಮಧ್ಯಮಾವತಿ, ಹಿಂದೋಳ, ಶುದ್ಧಸಾವೇರಿ, ಶುದ್ಧಧನ್ಯಾಸಿ. ಇವುಗಳಲ್ಲಿ ಯಾವ ಸ್ವರ ಉಳಿದು ಯಾವುದರ ಮೇಲೆ ಬಿದ್ದರೂ ಕಿವಿಗೆ ಇಂಪೇ. ಕಟ್ಟಡವೇ ನಿಮಗೆ ತಂಬೂರಿಯಾಗುತ್ತದೆ. ಇವು ಐದೂ ಒಂದೇ ತಾಯಿಯ ಮಕ್ಕಳು ಎನ್ನುವುದು ನಿಮಗೆ ಗೊತ್ತು, ಮೋಹನದ ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ, ಪಂಚಮಕ್ಕೆ ಶುದ್ಧಸಾವೇರಿ, ಧೈವತಕ್ಕೆ ಶುದ್ಧಧನ್ಯಾಸಿ. ಹಂಸಧ್ವನಿ ಮಕ್ಕಳಿಗೆ ಇಷ್ಟ, ಆದರೆ ಅಲ್ಲಿ ನಿ-ಸ ಅಂಟಿಕೊಂಡಿದೆ. ನಿಧಾನವಾಗಿ ನುಡಿಸಿದರೆ ತೊಂದರೆ ಇಲ್ಲ.

ನಿಮ್ಮ ಎರಡು ಶ್ರುತಿಯ ಕೊಳಲುಗಳ ತಲೆನೋವಿಗೂ ಮದ್ದು ಹೀಗೆ ಷಡ್ಜದ ಜಾಗ ಬದಲಿಸುವ ಈ ಗ್ರಹಭೇದದಲ್ಲೇ ಇದೆ. ಶ್ರುತಿಪೆಟ್ಟಿಗೆಯನ್ನು ಒಂದು ಮನೆಗೆ ಇಡಿ. ಉದ್ದ ಕೊಳಲಿನ ಮೂವರು ದೊಡ್ಡವರು ತಮ್ಮ ಮೋಹನವನ್ನು ಮಾಮೂಲಿನಂತೆ ನುಡಿಸಲಿ. ಐದು ಮನೆ ಕೊಳಲಿನ ಚಿಕ್ಕವರು ಅದೇ ಹಾಡನ್ನು ಶುದ್ಧಸಾವೇರಿಯ ಬೆರಳಲ್ಲಿ, ತಮ್ಮ ಮಧ್ಯಮದಿಂದ ಹಿಡಿದು ನುಡಿಸಲಿ. ದೊಡ್ಡವರ ಸ ಚಿಕ್ಕವರ ಮ; ರಿ ಎಂದರೆ ಪ; ಗ ಎಂದರೆ ದ; ಪ ಎಂದರೆ ಸ; ದ ಎಂದರೆ ರಿ. ಕೇಳುವವರಿಗೆ ಹದಿಮೂರೂ ಕೊಳಲು ಒಂದೇ ಮೋಹನ. ಮಧ್ಯಮ ಶ್ರುತಿಯಲ್ಲಿ ಹಾಡುವ ಅಭ್ಯಾಸವಿರುವ ನಮಗೆ ಇದು ಹೊಸದೇನಲ್ಲ. ಮಕ್ಕಳಿಗೆ ಮಾತ್ರ ಎರಡು ದಿನ ತಲೆ ತಿರುಗುತ್ತದೆ. ಸಾಹಿತ್ಯದ ಪುಸ್ತಕದಲ್ಲಿ ಸ್ವರದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಅವರ ಸ್ವರ ಬರೆದುಕೊಡಿ. ಮೂರನೇ ದಿನ ಕೆಂಪು ಸಾಲನ್ನು ಮಾತ್ರ ನೋಡುತ್ತಾರೆ. ಚಿಕ್ಕವರಿಗೆ ಉದ್ದ ಕೊಳಲು ಕೊಡಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಹನ್ನೊಂದು ವರ್ಷದ ಬೆರಳಿಗೆ ಆ ತೂತುಗಳ ಅಂತರ ಎಟುಕುವುದಿಲ್ಲ.

ಗಮಕದ, ಅಂದರೆ ಸ್ವರವನ್ನು ಅಲುಗಿಸಿ ತೂಗಿಸಿ ನುಡಿಸುವುದರ ಬಗ್ಗೆ ಒಂದು ಮಾತು. ಸಂಗೀತಗಾರರ ಊರಾದ ರುದ್ರಪಟ್ಟಣ ಇರುವ ಜಿಲ್ಲೆಯವರಿಗೆ, ಗಾಯಕ ಆರ್.ಕೆ. ಶ್ರೀಕಂಠನ್ ಅವರಂಥವರು ಹುಟ್ಟಿದ ಜಿಲ್ಲೆಯವರಿಗೆ, ಗಮಕ ಕಡಿಮೆ ಮಾಡಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆದರೂ ಹೇಳಬೇಕು: ಹದಿನಾಲ್ಕು ಮಕ್ಕಳು ಒಂದೇ ಕಂಪಿತವನ್ನು (ಸ್ವರ ನಡುಗಿಸುವ ಗಮಕವನ್ನು) ಒಂದೇ ತೂಗಿಗೆ ನುಡಿಸುವುದು ಆಗದ ಮಾತು, ಅನುರಣನದಲ್ಲಿ ಅದು ಬರೀ ಗೊಜ್ಜು. ಗಮಕ ಒಬ್ಬರಿಗೆ, ನೇರ ಸ್ವರ ಎಲ್ಲರಿಗೆ. ಮಧ್ಯಮಾವತಿಯ ರಿ, ನಿ ಅಲುಗದೆ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ದೊಡ್ಡವರಲ್ಲಿ ಒಬ್ಬರು ಒಂಟಿಯಾಗಿ ನುಡಿಸಲಿ, ಉಳಿದವರು ಕೆಳಗೆ ಸ, ಪ ಹಿಡಿದು ನಿಲ್ಲಲಿ. ಈ 'ನಿಲ್ಲುವುದು' ಸುಲಭ ಅಂದುಕೊಳ್ಳಬೇಡಿ. ಉಸಿರು ಒಬ್ಬರಾದ ಮೇಲೆ ಒಬ್ಬರು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿಸಬೇಕು, ಎಲ್ಲರೂ ಒಟ್ಟಿಗೆ ತೆಗೆದರೆ ಗುಂಡಿ ಬಿದ್ದಂತೆ ಕೇಳುತ್ತದೆ. ಮತ್ತು ಸತತವಾಗಿ ಜೋರಾಗಿ ಊದಿದ ಮಕ್ಕಳಿಗೆ ತಲೆ ಸುತ್ತುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು. ಸುತ್ತು ಬಂದವರು ಕೊಳಲು ಇಳಿಸಿ ಕೂತುಬಿಡಲಿ ಎಂದು ಮೊದಲೇ ಹೇಳಿರಿ. ಅವಮಾನ ಏನಿಲ್ಲ.

ಎಲ್ಲರೂ ಸೇರಿ ನುಡಿಸಲು, ಫ್ಲೂಟ್ ಹುಡುಗಿಗೂ ಕೆಲಸ ಸಿಗಲು, ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಿಗಿಂತ ಒಳ್ಳೆಯದು ನನಗೆ ತೋಚದು. ಮದರಾಸಿನ ಕೋಟೆಯಲ್ಲಿ ಇಂಗ್ಲಿಷರ ಬ್ಯಾಂಡು ನುಡಿಸುತ್ತಿದ್ದ ಮಟ್ಟುಗಳನ್ನು ಕೇಳಿ ದೀಕ್ಷಿತರು ಸಂಸ್ಕೃತದ ಸಾಹಿತ್ಯ ಹೊಂದಿಸಿದ ಸುಮಾರು ನಲವತ್ತು ಪುಟ್ಟ ರಚನೆಗಳು. ಎಲ್ಲ ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ, ನೇರ. ಒಂದಂತೂ ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟೇ. ಒಂದೊಂದು ಎರಡು ನಿಮಿಷದ ಒಳಗೆ ಮುಗಿಯುತ್ತದೆ. ನಾಲ್ಕನ್ನು ಹಾರದಂತೆ ಪೋಣಿಸಿ. ಫ್ಲೂಟ್ ಹುಡುಗಿ ಒಂದು ಸಲ ಒಬ್ಬಳೇ, ಆಮೇಲೆ ಬಿದಿರು. ಎರಡರ ಬಣ್ಣವೂ ಬೇರೆಬೇರೆಯಾಗಿ ಕೇಳುತ್ತದೆ. ಇಲ್ಲಿ ಚಿಕ್ಕವರಿಗೆ ಮತ್ತೆ ಮಧ್ಯಮದ ಲೆಕ್ಕ ಬೇಡ ಎಂದರೆ ಪೆಟ್ಟಿಗೆಯನ್ನು ಐದು ಮನೆಗೆ ಏರಿಸಿ, ಉದ್ದ ಕೊಳಲಿನವರು ವಿಶ್ರಾಂತಿ ತೆಗೆದುಕೊಳ್ಳಲಿ. ಫ್ಲೂಟಿಗೆ ಯಾವ ಶ್ರುತಿಯಾದರೂ ಒಂದೇ.

ಇನ್ನೊಂದು ಚಮತ್ಕಾರ ಅನುರಣನ ಇರುವಲ್ಲಿ ಮಾತ್ರ ನಡೆಯುತ್ತದೆ. ಮೋಹನದಲ್ಲಿ ಸರಳೆಯನ್ನು ಮೊದಲ ಕಾಲದಲ್ಲಿ ಒಂದು ಗುಂಪು ಶುರು ಮಾಡಲಿ, ನಾಲ್ಕು ಎಣಿಕೆ ತಡೆದು ಎರಡನೇ ಗುಂಪು ಅದನ್ನೇ ಹಿಂಬಾಲಿಸಲಿ, ಮತ್ತೆ ನಾಲ್ಕು ತಡೆದು ಮೂರನೆಯದು. ತರಗತಿಯಲ್ಲಿ ಇದು ಸಪ್ಪೆ. ಚರ್ಚಿನಲ್ಲಿ ಜನ ತಲೆ ಎತ್ತಿ ಮಾಡು ನೋಡುತ್ತಾರೆ.

ಮೃದಂಗ ಬೇಕೇ ಎಂದು ನೀವು ಕೇಳಿಲ್ಲ, ಆದರೂ. ಎರಡು ಹಾಡಿಗೆ ಸಾಕು, ಕೆಳಗೆ ದಪ್ಪ ಜಮಖಾನ ಹಾಸಿ, ಚತುರಶ್ರದಲ್ಲಿ (ನಾಲ್ಕರ ಎಣಿಕೆಯಲ್ಲಿ), ಒಂದನೇ ಕಾಲದ ನಡೆಯಲ್ಲಿ. ಮೃದಂಗ ಒಂದೇ ನುಡಿಯುವ ತನಿ ಆವರ್ತನ ಬೇಡವೇ ಬೇಡ. ಮೃದಂಗದ ಹುಡುಗ ಬೇಸರ ಮಾಡಿಕೊಂಡರೆ ಒಂದು ಸಲ ಕರೆದುಕೊಂಡು ಹೋಗಿ ಬಾರಿಸಲು ಹೇಳಿ. ಅವನೇ ಒಪ್ಪುತ್ತಾನೆ.

ಮೈಕ್ ಬೇಡ. ಕಟ್ಟಡವೇ ಇಷ್ಟು ಕೆಲಸ ಮಾಡುವಾಗ ಅದರ ಮೇಲೆ ಸ್ಪೀಕರ್ ಇಟ್ಟರೆ ಉಸಿರಿನ ಸುಯ್ ಸುಯ್ ಮಾತ್ರ ದೊಡ್ಡದಾಗುತ್ತದೆ. ಹದಿನಾಲ್ಕು ಕೊಳಲು ಒಂದಕ್ಕಿಂತ ಹದಿನಾಲ್ಕು ಪಟ್ಟು ಜೋರು ಕೇಳುವುದಿಲ್ಲ, ಸುಮಾರು 11 ಡೆಸಿಬೆಲ್ ಏರುತ್ತದೆ. ಕಿವಿಗೆ ಅದು ಎರಡು ಪಟ್ಟಿಗೆ ತುಸು ಹೆಚ್ಚು. ಹಿತವಾದ ಅಳತೆ. ತಾರಸ್ಥಾಯಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡಬೇಡಿ, ಅಲ್ಲಿಗೆ ನಾಲ್ವರು ಸಾಕು. ನಿರೂಪಣೆಗೆ ಒಂದು ಮೈಕ್ ಇಟ್ಟುಕೊಳ್ಳಿ, ಮಾತಾಡುವವರು ನಿಧಾನ ಮಾತಾಡಲಿ.

ನಿಲ್ಲುವ ಜಾಗ: ಐದಾರು ಮೀಟರಿನೊಳಗೆ ಅರ್ಧಚಂದ್ರಾಕಾರ, ಮಧ್ಯದಲ್ಲಿ ಶ್ರುತಿಪೆಟ್ಟಿಗೆ. ಕೆಲವರನ್ನು ಹಿಂದಿನ ಅಟ್ಟದ ಮೇಲೆ ನಿಲ್ಲಿಸಿದರೆ ಚೆಂದ ಎನ್ನುವ ಆಸೆ ಬರುತ್ತದೆ, ನನಗೂ ಬಂದಿತ್ತು. 25 ಮೀಟರ್ ದಾಟಲು ನಾದಕ್ಕೆ ಸೆಕೆಂಡಿನ ನೂರರಲ್ಲಿ ಏಳು ಭಾಗ ಬೇಕು. ತಾಳ ತಪ್ಪಲು ಅಷ್ಟು ಸಾಕು. ನೆಲದ ಮೇಲೆ ಕೂರಿಸಬೇಡಿ. ಬೆಂಚುಗಳ ಬೆನ್ನಿಗೆ ನಾದ ಬಡಿದು ಅಲ್ಲೇ ಉಳಿಯುತ್ತದೆ, ಹಿಂದಿನವರಿಗೆ ಮಕ್ಕಳೂ ಕಾಣುವುದಿಲ್ಲ. ನಿಂತು ನುಡಿಸುವುದು ನಮ್ಮ ಮಕ್ಕಳಿಗೆ ರೂಢಿಯಿಲ್ಲ, ಇವತ್ತಿನಿಂದಲೇ ಶುರು ಮಾಡಿ.

ಬಲಿಪೀಠದ ಆವರಣದೊಳಗೆ ಮಾತ್ರ ನಿಲ್ಲಬೇಡಿ. ಚರ್ಚುಗಳಲ್ಲಿ ನಡೆಯುವ ಕಛೇರಿಗಳ ಬಗ್ಗೆ ವ್ಯಾಟಿಕನ್ 1987ರ ನವೆಂಬರಿನಲ್ಲಿ ಸೂಚನೆಗಳನ್ನು ಕೊಟ್ಟಿದೆ: ವಾದಕರು, ಗಾಯಕರು ಗರ್ಭಗುಡಿಯಂತಿರುವ ಆ ಭಾಗದಲ್ಲಿ ಇರಬಾರದು, ಬಲಿಪೀಠಕ್ಕೂ ವಾಚನಪೀಠಕ್ಕೂ ಗೌರವ ಸಲ್ಲಬೇಕು, ಪ್ರವೇಶ ಉಚಿತವಾಗಿರಬೇಕು, ಎಲ್ಲರಿಗೂ ತೆರೆದಿರಬೇಕು, ಅನುಮತಿಯನ್ನು ಮೊದಲೇ ಬರಹದಲ್ಲಿ ಕೇಳಬೇಕು. ಹಾಸನ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಅನುಮತಿಯ ಪತ್ರವನ್ನು ಅಲ್ಲಿನ ಬಿಷಪರಿಗೆ ಫಾದರ್ ಮೂಲಕವೇ ಕಳಿಸಿ, ಜೊತೆಗೆ ನುಡಿಸುವ ಹಾಡುಗಳ ಪಟ್ಟಿ ಇರಲಿ. ಕೊಳಲಿನ ಡಬ್ಬಿ, ನೀರಿನ ಬಾಟಲಿ ಬಲಿಪೀಠದ ಮೆಟ್ಟಿಲ ಮೇಲೆ ಇಡಬಾರದು ಎಂದು ಮಕ್ಕಳಿಗೆ ತಿಳಿಸಿ. ನಮ್ಮ ದೇವಸ್ಥಾನದ ಹೊಸಿಲ ಮೇಲೆ ಇಟ್ಟಂತೆ ಅದು.

ಕೀರ್ತನೆಯ ಪ್ರಶ್ನೆಗೂ ಉತ್ತರ ಆ ಪಟ್ಟಿಯಲ್ಲೇ ಇದೆ. ಕೊಳಲಿಗೆ ಸಾಹಿತ್ಯವಿಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ಹೆಸರು ಮುಚ್ಚಿಟ್ಟು ನುಡಿಸುವುದು ನನಗೆ ಸೇರದು. ರಾಗ, ರಚನೆ, ರಚಿಸಿದವರು ಮೂರನ್ನೂ ಬರೆಯಿರಿ, ಬೇಡ ಎಂದದ್ದನ್ನು ಬಿಡಿ. ಹೆಚ್ಚಿನ ಫಾದರ್‌ಗಳು ಬೇಡ ಎನ್ನುವುದಿಲ್ಲ, ನನ್ನ ಅನುಭವದಲ್ಲಿ. ಪೋಷಕರಿಗೆ ವೇದನಾಯಕಂ ಶಾಸ್ತ್ರಿಯವರ ವಿಷಯ ಹೇಳಿ. 1774ರಲ್ಲಿ ಹುಟ್ಟಿ ತಂಜಾವೂರಿನಲ್ಲಿ ಬಾಳಿದ ಇವರು ಕ್ರೈಸ್ತ ಕೀರ್ತನೆಗಳನ್ನು ಕರ್ನಾಟಕ ರಾಗಗಳಲ್ಲೇ ರಚಿಸಿದರು. ದೀಕ್ಷಿತರಿಗಿಂತ ಒಂದೇ ವರ್ಷಕ್ಕೆ ದೊಡ್ಡವರು. ಒಂದು ಕಡೆ ಬ್ಯಾಂಡಿನ ಮಟ್ಟಿಗೆ ದೇವೀಸ್ತುತಿ, ಇನ್ನೊಂದು ಕಡೆ ರಾಗಕ್ಕೆ ಏಸುಸ್ತುತಿ, ಅದೇ ಕಾಲದಲ್ಲಿ, ಅದೇ ತಮಿಳುನಾಡಿನಲ್ಲಿ. ಚರ್ಚಿನ ಗಾಯನವೃಂದದವರನ್ನೂ ಒಂದು ಕ್ರಿಸ್ಮಸ್ ಹಾಡಿಗೆ ಸೇರಿಸಿಕೊಳ್ಳಿ. ಅವರು ಕೀಬೋರ್ಡ್ ತಂದರೆ ಅದರ ಶ್ರುತಿಯನ್ನು ನಿಮ್ಮ ಪೆಟ್ಟಿಗೆಗೆ ಹೊಂದಿಸಲಿ. ಗುಂಡಿ ಒತ್ತಿದರೆ ಆಗುತ್ತದೆ, ನಾಚಿಕೆ ಪಡದೆ ಕೇಳಿ.

ಮುಕ್ಕಾಲು ಗಂಟೆಗೆ ಮೂವತ್ತೈದು ನಿಮಿಷದ ಸರಕು ಸಾಕು. ಊಟದ ಹೊತ್ತಿನ ಕಛೇರಿಗೆ ಬರುವವರು ಗಡಿಯಾರ ನೋಡುತ್ತಾ ಬರುತ್ತಾರೆ, ಮಧ್ಯದಲ್ಲಿ ಎದ್ದೂ ಹೋಗುತ್ತಾರೆ. ಅದು ಅಗೌರವವಲ್ಲ, ಆ ಪದ್ಧತಿಯೇ ಹಾಗೆ. 1939ರ ಅಕ್ಟೋಬರಿನಲ್ಲಿ, ಯುದ್ಧದ ಕತ್ತಲೆಯಲ್ಲಿ ಲಂಡನ್ನಿನ ಸಭಾಂಗಣಗಳು ಮುಚ್ಚಿದ್ದಾಗ, ಪಿಯಾನೊವಾದಕಿ ಮೈರಾ ಹೆಸ್ ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ ಮಧ್ಯಾಹ್ನದ ಕಛೇರಿಗಳನ್ನು ಶುರು ಮಾಡಿದರು. ಚಿತ್ರಗಳನ್ನೆಲ್ಲ ಬಾಂಬಿನ ಭಯಕ್ಕೆ ಊರಾಚೆ ಸಾಗಿಸಿದ್ದರು, ಗೋಡೆಗಳು ಖಾಲಿ. 1946ರವರೆಗೆ 1,698 ಕಛೇರಿ ನಡೆದವು, ಕಚೇರಿಯವರು, ಸೈನಿಕರು ಸ್ಯಾಂಡ್‌ವಿಚ್ ತಿನ್ನುತ್ತಾ ಬಂದು ಕೇಳಿ ಹೋದರು. ನಿಮ್ಮಲ್ಲಿ ತಿಂಡಿ ಚರ್ಚಿನೊಳಗೆ ಬೇಡ, ಹೊರಗೆ ಅಂಗಳದಲ್ಲಿ. ಹಾಡು ನಾಲ್ಕೈದು ನಿಮಿಷಕ್ಕಿಂತ ಉದ್ದ ಬೇಡ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಬಾಗಿಲು ತೆರೆಯಲು ಒಬ್ಬರನ್ನು ನಿಲ್ಲಿಸಿ. ಮಕ್ಕಳು ಹತ್ತೂವರೆಗೆ ಇಡ್ಲಿಯೋ ಬಾಳೆಹಣ್ಣೋ ತಿಂದಿರಲಿ. ಹೊಟ್ಟೆ ತುಂಬ ಅನ್ನ ಉಂಡು ನಿಂತರೆ ಉಸಿರು ಕೆಳಗೆ ಇಳಿಯುವುದಿಲ್ಲ, ಹಸಿದು ನಿಂತರೆ ಕೈ ನಡುಗುತ್ತದೆ.

ಕೊನೆಯ ಸ್ವರ ಮುಗಿದ ಮೇಲೆ ಕೊಳಲು ತುಟಿಯಲ್ಲೇ ಇರಲಿ, ಮಾಡಿನಲ್ಲಿ ನಾದ ಅಡಗುವವರೆಗೆ. ಮಕ್ಕಳು ಕೊಳಲು ಇಳಿಸಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ಆ ಚೆಂದದ ಎರಡು ಸೆಕೆಂಡು ಹೋಯಿತು. ಇನ್ನೊಂದು ಮರೆತಿದ್ದೆ: ಹನ್ನೆರಡಕ್ಕೆ ಸರಿಯಾಗಿ ಶುರು ಮಾಡಬೇಡಿ. ಬಹಳ ಚರ್ಚುಗಳಲ್ಲಿ ಆ ಹೊತ್ತಿಗೆ ಪ್ರಾರ್ಥನೆಯ ಗಂಟೆ ಬಾರಿಸುತ್ತಾರೆ, ಅದು ಯಾವ ಮನೆ ಶ್ರುತಿಯಲ್ಲಿ ಇರುತ್ತದೋ ಯಾರು ಬಲ್ಲರು. ಗಂಟೆ ಬಾರಿಸುವವರನ್ನೇ ಹೋಗಿ ಮಾತಾಡಿಸಿ, ಅವರು ಕೈಬಿಟ್ಟ ಹತ್ತು ನಿಮಿಷದ ಮೇಲೆ ಮೊದಲ ಷಡ್ಜ ಹಿಡಿಯಿರಿ.